ಭಾನುವಾರದ ಭೂಕಂಪ

ಭೂಕಂಪ ಹೇಳಿ ಕೇಳಿ ಬರುವುದಿಲ್ಲ. ನಾವೇ ಮುಂಚಿತವಾಗಿ ತಯಾರಾಗಿರಬೇಕು ಅಂತ ಒಂದು ಭಾನುವಾರ ಬೆಳಿಗ್ಗೆ ಮನೆಯವರಿಗೆಲ್ಲ ಹೇಳಿದೆ. ಯಾರೂ ತಲೆ ಎತ್ತಲಿಲ್ಲ.

ಮೊದಲು ಪುಸ್ತಕದ ಕಪಾಟು. ಎತ್ತರದ ಕಪಾಟು ನೆಲ ಅಲುಗಿದರೆ ಮೈಮೇಲೆ ಬೀಳುತ್ತದೆ, ಗೋಡೆಗೆ ಬಿಗಿಯಬೇಕು. ಡ್ರಿಲ್ ಹಿಡಿದು ನಿಂತೆ. ಎರಡನೇ ತೂತಿಗೆ ಗೋಡೆಯಿಂದ ನೀರು ಚಿಮ್ಮಿತು. ಪೈಪು ಅಲ್ಲೇ ಹಾದುಹೋಗಿತ್ತು.

“ನೀರು ಕೂಡಿಡ್ಬೇಕು ಅಂತಿದ್ರಲ್ಲ, ಬಕೆಟ್ ತರ್ಲಾ ರೀ?” ಅಂದಳು ಹೆಂಡತಿ.

ಕೂಡಿಡುವ ನೀರಿಗೂ ಲೆಕ್ಕವಿದೆ. ಒಬ್ಬರಿಗೆ ದಿನಕ್ಕೆ ಸುಮಾರು 4 ಲೀಟರ್, ಕನಿಷ್ಠ 3 ದಿನಕ್ಕಾಗುವಷ್ಟು. ನಾವು ಐದು ಜನ, ಅಂದರೆ 60 ಲೀಟರ್. ಕ್ಯಾನುಗಳನ್ನು ಒಂದೊಂದಾಗಿ ಹೊತ್ತು ಮಲಗುವ ಕೋಣೆಯ ಅಟ್ಟಕ್ಕೇರಿಸಿ, ಮಂಚದ ನೇರಕ್ಕೆ ಸಾಲಾಗಿ ಜೋಡಿಸಿದೆ. ಮಗಳು ಬಂದು ಮೇಲೆ ನೋಡಿದಳು. “ಅಪ್ಪಾ, ಭಾರದ ವಸ್ತು ಕೆಳಗಿರ್ಬೇಕು ಅಂತ ಬೆಳಿಗ್ಗೆ ನೀನೇ ಓದಿ ಹೇಳಿದ್ದು.” 60 ಕಿಲೋ ಮತ್ತೆ ಕೆಳಗಿಳಿಯಿತು. ನನ್ನ ಸೊಂಟ ಹಿಡಿದುಕೊಂಡಿತು.

ತುರ್ತು ಚೀಲದ ಕಥೆ ಚಿಕ್ಕದು. ಮಧ್ಯಾಹ್ನದ ಹೊತ್ತಿಗೆ ಟಾರ್ಚಿನ ಸೆಲ್ಲು ಟಿವಿ ರಿಮೋಟಿನೊಳಗೆ, ತಿಂಡಿ ಪೊಟ್ಟಣ ಮಗನ ಹೊಟ್ಟೆಯೊಳಗೆ.

ಸಂಜೆ ಅಣಕು ಕಾರ್ಯಾಚರಣೆ. ನೆಲ ಅಲುಗಿದಾಗ ಹೊರಗೆ ಓಡಬಾರದು. ಗಟ್ಟಿ ಮೇಜಿನ ಕೆಳಗೆ ನುಗ್ಗಿ, ತಲೆ ಕುತ್ತಿಗೆ ಮುಚ್ಚಿಕೊಂಡು, ಮೇಜಿನ ಕಾಲು ಹಿಡಿದುಕೊಳ್ಳಬೇಕು. ಇಲ್ಲದಿದ್ದರೆ ಮೇಜೇ ನಮ್ಮನ್ನು ಬಿಟ್ಟು ಸರಿದುಹೋಗುತ್ತದೆ. ನಮ್ಮಪ್ಪ ಮಾತ್ರ ಬಾಗಿಲ ಚೌಕಟ್ಟಿನ ಕೆಳಗೆ ಹೋಗಿ ನಿಂತರು. ಅದು ಹಳೇ ಕಾಲದ ಬುದ್ಧಿಮಾತು, ಈಗಿನ ಮನೆಗಳಲ್ಲಿ ಚೌಕಟ್ಟೇನೂ ಹೆಚ್ಚು ಗಟ್ಟಿಯಲ್ಲ ಅಂತ ಒಪ್ಪಿಸುವಷ್ಟರಲ್ಲಿ ನಿಜವಾದ ಭೂಕಂಪ ಎರಡು ಸಲ ಬಂದು ಹೋಗಬಹುದಿತ್ತು. ಮಂಡಿ ನೋವಿರುವವರು ಕೂತಲ್ಲೇ ಮುಂದಕ್ಕೆ ಬಾಗಿ ತಲೆ ಮುಚ್ಚಿಕೊಂಡರೆ ಸಾಕು ಅಂದೆ. ಅದು ಅವರಿಗೆ ಹಿಡಿಸಿತು. ಕುರ್ಚಿಯಲ್ಲಿ ಬಾಗಿದವರು ಹಾಗೇ ನಿದ್ದೆ ಹೋದರು.

ಉಳಿದ ನಾಲ್ವರು ಮೇಜಿನ ಕೆಳಗೆ. ಜೋರು ಅಲುಗಾಟ ಸಾಮಾನ್ಯವಾಗಿ ಒಂದು ನಿಮಿಷವೂ ಇರುವುದಿಲ್ಲವಂತೆ. ಹೆಂಡತಿಯ ಮೊಣಕೈ ಪಕ್ಕೆಗೆ ತಿವಿಯುತ್ತಿದ್ದಾಗ ಒಂದು ನಿಮಿಷ ಅಂದರೆ ಎಷ್ಟು ಅಂತ ಗೊತ್ತಾಯಿತು. “ಕಾಲು ಹಿಡ್ಕೋ!” ಅಂತ ಕೂಗಿದೆ. ಮಗ ನನ್ನ ಕಾಲು ಹಿಡಿದ. ಹುಟ್ಟಿದಾಗಿನಿಂದ ಅದೇ ಮೊದಲು.

ಕೊನೆಯ ಹಂತ ಸಂದೇಶ ಕಳಿಸುವುದು. ಭೂಕಂಪವಾದ ಊರಲ್ಲಿ ಫೋನ್ ಲೈನುಗಳು ಕಿಕ್ಕಿರಿಯುತ್ತವೆ, ಕರೆ ಸಿಗದಿದ್ದರೂ ಮೆಸೇಜು ಹೇಗೋ ದಾಟುತ್ತದೆ. ಅದಕ್ಕೆ ದೂರದ ಊರಿನ ಒಬ್ಬರನ್ನು ಗೊತ್ತುಮಾಡಿಕೊಂಡು, ಎಲ್ಲರೂ ಅವರಿಗೇ ಸುದ್ದಿ ಮುಟ್ಟಿಸಬೇಕು. ನಾವು ಆರಿಸಿದ್ದು ಸೋದರತ್ತೆಯನ್ನು. ಸುದ್ದಿ ಹರಡುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ನಾಲ್ವರೂ ಒಟ್ಟಿಗೆ “ನಾನು ಕ್ಷೇಮ” ಅಂತ ಕಳಿಸಿದೆವು. ಇದು ಸುಮ್ನೆ ಅಭ್ಯಾಸ ಅಂತ ಅತ್ತೆಗೆ ಹೇಳುವುದು ಮಾತ್ರ ಮರೆತೇಹೋಗಿತ್ತು.

ಅತ್ತೆ ಎಣಿಸಿದರು. ನಾಲ್ಕು ಮೆಸೇಜು. ತಮ್ಮನದು ಇಲ್ಲ.

ಹತ್ತು ನಿಮಿಷದಲ್ಲಿ ನೆಂಟರಿಷ್ಟರೆಲ್ಲ ಒಟ್ಟಿಗೆ ಫೋನ್ ಮಾಡತೊಡಗಿದರು. ಒಂದು ಎತ್ತಿದರೆ ಇನ್ನೊಂದು ಬಡಿದುಕೊಳ್ಳುತ್ತಿತ್ತು. ಆ ಗಲಾಟೆಗೆ ಅಪ್ಪ ಎಚ್ಚರವಾಗಿ, ಕೈಗೆ ಸಿಕ್ಕ ಫೋನು ಎತ್ತಿ, ಕಣ್ಣುಜ್ಜುತ್ತಾ ಸುತ್ತ ನೋಡಿದರು.

“ಏನಾಯ್ತೋ ನಂಗೂ ಗೊತ್ತಿಲ್ಲ ಕಣಕ್ಕಾ, ಮಲಗಿಬಿಟ್ಟಿದ್ದೆ. ಗೋಡೆ ತೂತಾಗಿದೆ, ನೆಲದ ತುಂಬಾ ನೀರು. ಇವರೆಲ್ಲಾ ಇನ್ನೂ ಮೇಜಿನ ಕೆಳಗೇ ಇದಾರೆ.”