ಸಾದಿಲ್ವಾರು ಖಾತೆಯ ಡಿಸ್ಕ್

ಫೈಲ್ ಸರ್ವರ್‌ನಲ್ಲಿ ಜಾಗ ಮುಗಿದರೆ ಹೊಸ ಡಿಸ್ಕ್ ಒಳಗೋ, ಹೊರಗೋ? ಎಂಜಿನಿಯರುಗಳು ವೇಗ, ಬಿಸಿ, ರೇಡ್ (ಹಲವು ಡಿಸ್ಕುಗಳನ್ನು ಒಂದಾಗಿ ಜೋಡಿಸುವ ವಿಧಾನ) ಎಂದು ತಲೆ ಕೆಡಿಸಿಕೊಳ್ಳುವ ಈ ಪ್ರಶ್ನೆಯನ್ನು ನಮ್ಮ ಸರ್ಕಾರಿ ಕಚೇರಿಗಳ ಲೆಕ್ಕಪತ್ರ ಶಾಖೆ ಎಂದೋ ಬಗೆಹರಿಸಿದೆ. ಒಳಗಿನ ಡಿಸ್ಕ್ ಅಂದರೆ ಬಂಡವಾಳ ವೆಚ್ಚ: ಟಿಪ್ಪಣಿ, ಮೂರು ಕೊಟೇಶನ್, ತಾಂತ್ರಿಕ ಅನುಮೋದನೆ. ಹೊರಗೆ ಸಿಕ್ಕಿಸುವ ಯುಎಸ್‌ಬಿ ಡಿಸ್ಕ್ ಅಂದರೆ ಸಾದಿಲ್ವಾರು, ಚಿಲ್ಲರೆ ಖರ್ಚು. ಪೊರಕೆ, ಫಿನಾಯಿಲ್ ಜೊತೆ ಒಂದೇ ಬಿಲ್ಲಿನಲ್ಲಿ ಬಂದುಬಿಡುತ್ತದೆ.

ಸರ್ವರ್‌ನ ಮುಂದೆ ಡಿಸ್ಕಿನ ನಾಲ್ಕು ಗೂಡು (ಬೇ) ಖಾಲಿ ಇರುತ್ತವೆ, ನಿಜ. ಆದರೆ ಅಲ್ಲಿರುವುದು ಪ್ಲಾಸ್ಟಿಕ್ ಡಮ್ಮಿ. ಡಿಸ್ಕ್ ಕೂರಿಸಲು ಕ್ಯಾಡಿ ಎಂಬ ಚೌಕಟ್ಟನ್ನು ಬೇರೆಯಾಗಿ ಕೊಳ್ಳಬೇಕು. ‘ಕ್ಯಾಡಿ ಎಂದರೇನು, ಏಕೆ ಬೇಕು?’ ಎಂದು ಆಡಿಟ್ ಕೇಳಿದರೆ ಉತ್ತರಿಸುವವರು ಯಾರು? ಎರಡು ಡಿಸ್ಕ್ ಒಳಗೆ ಹಾಕಿ ರೇಡ್ 1 ಮಾಡಿದರೆ, ಅಂದರೆ ಎರಡರಲ್ಲೂ ಅದನ್ನೇ ಬರೆದರೆ, ಒಂದು ಸತ್ತರೂ ಕೆಲಸ ನಿಲ್ಲದು. ಕೆಲಸ ನಿಲ್ಲದಿದ್ದರೆ ನಮಗೇನು ಲಾಭ?

ಯುಎಸ್‌ಬಿ 3.0 ವೇಗ ಸಾಲದು ಅನ್ನುವಂತಿಲ್ಲ. ಗಿಗಾಬಿಟ್ ನೆಟ್‌ವರ್ಕೇ ಸೆಕೆಂಡಿಗೆ ಸುಮಾರು 110 ಎಂಬಿ ಸಾಗಿಸಿ ಸುಸ್ತಾಗುತ್ತದೆ. ಆದರೆ ಕೈಗೆ ಸಿಗುವುದು ಹಳೆಯ 2.0 ಪೋರ್ಟ್, ಅಲ್ಲಿ 35 ಎಂಬಿ ಬಂದರೆ ಪುಣ್ಯ. ಜೊತೆಗೆ, 2.5 ಇಂಚಿನ ಪೋರ್ಟಬಲ್ ಡಿಸ್ಕುಗಳಲ್ಲಿ ಬಹುಪಾಲು ಎಸ್‌ಎಂಆರ್ ಜಾತಿಯವು. ಅವುಗಳಲ್ಲಿ ದತ್ತಾಂಶದ ಸಾಲುಗಳನ್ನು (ಟ್ರ್ಯಾಕ್) ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಬರೆದಿರುವುದರಿಂದ ಒಂದನ್ನು ತಿದ್ದಲು ನೆರೆಯವನ್ನೂ ಮತ್ತೆ ಬರೆಯಬೇಕು. ಹತ್ತು ಜನ ಒಟ್ಟಿಗೆ ಸೇವ್ ಒತ್ತಿದರೆ ತಾತ್ಕಾಲಿಕ ಜಾಗ (ಕ್ಯಾಶ್) ತುಂಬಿ ಡಿಸ್ಕ್ ತೆವಳುತ್ತದೆ. ಕಡತ ವಿಲೇವಾರಿಯ ವೇಗಕ್ಕೆ ಇದು ಸರಿಹೊಂದುವುದರಿಂದ ಯಾರೂ ದೂರುವುದಿಲ್ಲ.

ನಿಜವಾದ ಚಮತ್ಕಾರ ಕೇಬಲ್ಲಿನದು. ಕಸ ಗುಡಿಸುವಾಗ ಅದು ಸಡಿಲವಾಗುತ್ತದೆ. ರಾತ್ರಿ ಕರೆಂಟು ಹೋಗಿ ಬಂದಾಗ, ಡಿಸ್ಕುಗಳ ಪಟ್ಟಿಯಾದ ಎಫ್‌ಸ್ಟ್ಯಾಬ್‌ನಲ್ಲಿ ‘ನೋಫೇಲ್’ (ಡಿಸ್ಕ್ ಸಿಗದಿದ್ದರೂ ನಿಲ್ಲಬೇಡ) ಇರುವುದರಿಂದ, ಲಿನಕ್ಸ್ ಸರ್ವರ್ ಡಿಸ್ಕ್ ಇಲ್ಲದೆಯೇ ಏಳುತ್ತದೆ. ಬೆಳಿಗ್ಗೆ ಶೇರ್ ತೆರೆದರೆ ಫೋಲ್ಡರ್ ಖಾಲಿ. ಆದರೂ ಸೇವ್ ಆಗುತ್ತದೆ, ಎಲ್ಲವೂ ಸರ್ವರ್‌ನ ಒಳಡಿಸ್ಕಿನಲ್ಲಿ ಲಿನಕ್ಸ್ ಇರುವ ಭಾಗಕ್ಕೆ (ಸಿಸ್ಟಂ ಪಾರ್ಟಿಶನ್). ಅದು ತುಂಬಿ ಸರ್ವರ್ ನಿಂತ ಮೇಲೆ ಯಾರೋ ಕೇಬಲ್ ಒತ್ತಿ ರೀಸ್ಟಾರ್ಟ್ ಮಾಡುತ್ತಾರೆ. ಹಳೆಯ ಕಡತ ಪ್ರತ್ಯಕ್ಷ, ಹೊಸದು ಡಿಸ್ಕ್ ಬಂದು ಕೂರುವ ಫೋಲ್ಡರಿನ (ಮೌಂಟ್ ಪಾಯಿಂಟ್) ಅಡಿಯಲ್ಲಿ ಅದೃಶ್ಯ! ಡಿಸ್ಕ್ ಮೌಂಟ್ ಆಗದೆ ಕಡತ ಹಂಚುವ ಸಾಂಬಾ ಶುರುವಾಗಬಾರದೆಂದು, ಸೇವೆಗಳನ್ನು ಶುರುಮಾಡುವ ಸಿಸ್ಟಂಡಿಗೆ ಒಂದು ಸಾಲು ಬರೆದರೆ ಇದು ತಪ್ಪುತ್ತದೆ. ಆ ಸಾಲಿಗೂ ಅನುಮೋದನೆ ಬೇಕು.

ಹೊರಗಿನ ಡಿಸ್ಕಿಗೆ ಒಪ್ಪುವ ಕೆಲಸ ಬ್ಯಾಕಪ್: ನಕಲು ಮಾಡಿ, ಕಳಚಿ, ಬೇರೆ ಕಟ್ಟಡದ ಬೀರುವಿನಲ್ಲಿ ಬೀಗ ಹಾಕುವುದು. ಆದರೆ ‘ಭದ್ರತೆಯ ದೃಷ್ಟಿಯಿಂದ’ ಡಿಸ್ಕ್ ಕೊಠಡಿ ದಾಟುವಂತಿಲ್ಲ. ಹಾಗಾಗಿ ಬ್ಯಾಕಪ್ಪೂ ಅದೇ ಡಿಸ್ಕಿನ ಎರಡನೇ ಪಾರ್ಟಿಶನ್ನಿನಲ್ಲಿ. ಕಡತ ಒತ್ತೆಯಿಟ್ಟು ಹಣ ಕೇಳುವ ರಾನ್ಸಮ್‌ವೇರ್ ಬಂದ ದಿನ ಅಸಲಿಗೂ ನಕಲಿಗೂ ಒಟ್ಟಿಗೇ ಬೀಗ. ದಾಸ್ತಾನು ವಹಿಯಲ್ಲಿ ಮಾತ್ರ ಷರಾ: ಡಿಸ್ಕ್ 1, ಸುಸ್ಥಿತಿಯಲ್ಲಿದೆ.