ಇವತ್ತು ರಾತ್ರಿ ಯಾರು, ಎಲ್ಲಿ?

ಅಮೆರಿಕದ ನ್ಯೂ ಆರ್ಲಿಯನ್ಸ್ ಊರಿನ ಫ್ರೆಂಚ್‌ಮೆನ್ ಬೀದಿಯಲ್ಲಿ ಇವತ್ತು ರಾತ್ರಿ ಯಾರು ಟ್ರಂಪೆಟ್ ಊದುತ್ತಾರೆ ಎಂದು ನನಗೆ ಗೊತ್ತು. ಕೊಡಗಿನ ನಮ್ಮ ನಾಪೋಕ್ಲು ಪೇಟೆಗೆ ಇವತ್ತು ಮೀನು ಬಂದಿದೆಯೋ ಇಲ್ಲವೋ, ಅದು ಗೊತ್ತಿಲ್ಲ.

ಇದಕ್ಕೆಲ್ಲ ಮಳೆಯೇ ಕಾರಣ. ನಮ್ಮ ಕಡೆ ಜೂನ್‌ನಲ್ಲಿ ಹಿಡಿದದ್ದು ಸೆಪ್ಟೆಂಬರ್ ತನಕ ಬಿಡುವುದಿಲ್ಲ. ಜಡಿಮಳೆಯ ತಿಂಗಳು ಅಮ್ಮನ ಬಾಯಲ್ಲಿ ಆಟಿ, ಇಲ್ಲಿಯವರ ಬಾಯಲ್ಲಿ ಕಕ್ಕಡ. ಎರಡರಲ್ಲೂ ಬಟ್ಟೆ ಒಣಗುವುದಿಲ್ಲ. ಅಂಥದೊಂದು ಬೆಳಗಿನ ಜಾವ ನಿದ್ದೆ ಬಾರದೆ ಫೋನಿನಲ್ಲಿ ರೇಡಿಯೋ ಹುಡುಕುತ್ತಿದ್ದೆ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಅಡುಗೆಮನೆಯ ಕಿಟಕಿಯಲ್ಲಿ ಮಾತ್ರ. ಅಲ್ಲೇ ನಿಂತು, ಬೆಲ್ಲದ ಕಾಫಿ ಕುಡಿಯುತ್ತಾ, ಬೆರಳು ಎಲ್ಲೋ ತಾಗಿ ಡಬ್ಲ್ಯು ಡಬ್ಲ್ಯು ಓ ಝಡ್ ಎಂಬ ಸ್ಟೇಷನ್ ತೆರೆದುಕೊಂಡಿತು. ಅದು ನ್ಯೂ ಆರ್ಲಿಯನ್ಸಿನ ಸಮುದಾಯ ರೇಡಿಯೋ, 90.7 ಎಫ್‌ಎಂ. ಜಾಝ್ ಹುಟ್ಟಿದ ಊರಿನದು.

ತೂಗಿ ತೂಗಿ ಹೊರಟ ಸ್ಯಾಕ್ಸೋಫೋನ್ ಕೇಳಿ ಒಳಗಿಂದ ಅಮ್ಮ ಎದ್ದು ಬಂದರು. "ಎಂತ ಮಾರಾಯ, ಬೆಳಿಗ್ಗೆ ಬೆಳಿಗ್ಗೆ ಯಾರ ಮದುವೆ?"

ಅಮ್ಮ ಪುತ್ತೂರು ಕಡೆಯವರು. ಅವರಿಗೆ ಸ್ಯಾಕ್ಸೋಫೋನ್ ಅಂದರೆ ಮದುವೆ, ಇಲ್ಲವೇ ದೇವಸ್ಥಾನದ ಉತ್ಸವ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಅದಕ್ಕೆ ಪೇಟೆಂಟ್ ಪಡೆದ ಎಂದೆಲ್ಲ ಹೇಳಿದರೆ ನಗುತ್ತಾರೆ. ಅದು ಕದ್ರಿ ಗೋಪಾಲನಾಥರದ್ದು ಅಲ್ವಾ? ಅದೂ ಸುಳ್ಳಲ್ಲ. ಬಂಟ್ವಾಳದ ಕಡೆಯ ನಾಗಸ್ವರದ ಮನೆಯ ಹುಡುಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಇದನ್ನು ಕಂಡು ಮರುಳಾದ. ವರ್ಷಗಟ್ಟಲೆ ಒದ್ದಾಡಿ ಅದರಿಂದ ಕರ್ನಾಟಕ ಸಂಗೀತದ ಗಮಕ ಹೊರಡಿಸಿದ. 1980ರಲ್ಲಿ ಮುಂಬೈಯ ಜಾಝ್ ಯಾತ್ರಾ ಎಂಬ ಸಂಗೀತೋತ್ಸವದಲ್ಲಿ ಅವರು ನುಡಿಸಿದ್ದನ್ನು ಕೇಳಿ ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ಜೊತೆಗೂಡಿದರು. ಹಾಗಾಗಿ ಅಮ್ಮನ ಪ್ರಕಾರ ನಮ್ಮ ಕಿಟಕಿಯಲ್ಲಿ ಊದುತ್ತಿದ್ದವರು ನಮ್ಮವರ ಶಿಷ್ಯರು. ನಾನು ತಿದ್ದಲು ಹೋಗಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಸಂಗೀತಕ್ಕಿಂತ ಜಾಸ್ತಿ, ನಡುವೆ ಓದುವ ಒಂದು ಪಟ್ಟಿ. ಒಂದು ಗಂಟೆ ಬಿಟ್ಟು ಒಂದು ಗಂಟೆಗೆ ಯಾರಾದರೂ ಬಂದು, ಇವತ್ತು ರಾತ್ರಿ ಯಾರು ಎಲ್ಲಿ ನುಡಿಸುತ್ತಾರೆ ಎಂದು ಓದುತ್ತಾರೆ. ಇಂಥ ಬೀದಿ, ಇಂಥ ಕ್ಲಬ್ಬು, ಇಷ್ಟು ಗಂಟೆ. ಸುಮ್ನೆ ಪಟ್ಟಿ. ಅಲ್ಲಿ ಸಂಜೆ ಏಳಾದಾಗ ನಮಗೆ ಬೆಳಿಗ್ಗೆ ಐದೂವರೆ. ಚಳಿಗಾಲದಲ್ಲಿ ಅವರು ಗಡಿಯಾರ ತಿರುಗಿಸುವುದರಿಂದ ಆರೂವರೆ. ಓದುವವರಿಗೆ ಸಂಬಳವಿಲ್ಲ, ಬಿಡುವಿನಲ್ಲಿ ಬಂದು ಕೂರುವ ಊರಿನವರು. ಕೆಮ್ಮುತ್ತಾರೆ. ಹೆಸರು ತಪ್ಪಿ ಹೇಳಿ, ನಕ್ಕು, ಮತ್ತೆ ಹೇಳುತ್ತಾರೆ. ಸ್ಟೇಷನ್ ಶುರುವಾದದ್ದು 1980ರ ಡಿಸೆಂಬರಿನಲ್ಲಿ. ಮೊದಮೊದಲ ದಿನಗಳಲ್ಲಿ ಅದು ಇದ್ದದ್ದು ಟಿಪಿಟಿನಾಸ್ ಎಂಬ ಸಂಗೀತದ ಕ್ಲಬ್ಬಿನ ಮಹಡಿಯ ಮೇಲೆ. ನೆಲದಲ್ಲಿ ತೂತು ಕೊರೆದು, ಮೈಕನ್ನು ಹಗ್ಗದ ಹಾಗೆ ಕೆಳಗೆ ಬಿಟ್ಟು, ಸಂಗೀತ ಕಚೇರಿಯನ್ನು ಹಾಗೆಯೇ ಊರಿಗೆ ಕೇಳಿಸುತ್ತಿದ್ದರಂತೆ. ಬಾವಿಗೆ ಕೊಡ ಇಳಿಸಿದ ಹಾಗೆ.

ಪಕ್ಕದ ತೋಟದ ಅಂಕಲ್‌ಗೂ ಒಂದು ದಿನ ಕೇಳಿಸಿದೆ. ಪೂರ್ತಿ ಕೇಳಿ ಹೇಳಿದರು: "ಮೂರು ಜನ ಒಟ್ಟಿಗೆ ಊದ್ತಾರೆ, ಒಬ್ಬನೂ ಇನ್ನೊಬ್ಬನ ಮಾತು ಕೇಳಲ್ಲ. ನಮ್ಮ ಗ್ರಾಮಸಭೆ ಹಾಗೇ ಉಂಟು."

ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆಮೇಲೆ ಕಿವಿ ಹೊಂದಿತು. ಆ ಊರಿನ ಹಳೇ ಜಾಝ್‌ನಲ್ಲಿ ಟ್ರಂಪೆಟ್ ಹಾಡಿನ ದಾರಿ ಬಿಡುವುದಿಲ್ಲ. ಕ್ಲ್ಯಾರಿನೆಟ್ ಅದರ ಮೇಲೆ ಬಳ್ಳಿಯ ಹಾಗೆ ಸುತ್ತುತ್ತದೆ. ಟ್ರೊಂಬೋನ್ ಕೆಳಗಿನಿಂದ ಜಾರಿಕೊಂಡು ಬಂದು ಖಾಲಿ ಜಾಗ ತುಂಬುತ್ತದೆ. ಬರೆದಿಟ್ಟುಕೊಂಡದ್ದಲ್ಲ, ಆಗಿಂದಾಗ ಹುಟ್ಟಿದ್ದು. ಕೇಳಿಸಿಕೊಳ್ಳದಿದ್ದರೆ ಮೂವರೂ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯಬೇಕಾಗಿತ್ತು.

ಇದನ್ನು ಅಂಕಲ್‌ಗೆ ಹೇಗೆ ಹೇಳುವುದು ಎಂದು ಯೋಚಿಸುತ್ತಿದ್ದಾಗ ಅವರ ಮನೆಯದೇ ಮದುವೆ ಬಂತು. ನಾಲ್ಕು ಜನ ದುಡಿ ಎಂಬ ಪುಟ್ಟ ವಾದ್ಯ ಹಿಡಿದು, ಕೊಡವರ ಸಾಂಪ್ರದಾಯಿಕ ಹಾಡಾದ ಬಾಳೋಪಾಟ್ ಹಾಡಲು ನಿಂತರು. ಇಬ್ಬರು ಒಂದು ಸಾಲು ಹೇಳುತ್ತಾರೆ, ಇನ್ನಿಬ್ಬರು ಎತ್ತಿಕೊಳ್ಳುತ್ತಾರೆ. ಹಾಡಿನ ಚೌಕಟ್ಟು ಎಷ್ಟೋ ತಲೆಮಾರಿನದು. ಅದರೊಳಗೆ ಈ ಮನೆಯ ಹೆಸರು, ಈ ಹುಡುಗ, ಈ ಹುಡುಗಿ ಬಂದು ಕೂರುತ್ತಾರೆ. ಒಬ್ಬ ಹಾಡುಗಾರ ಒಂದು ಕಡೆ ತುಸು ತಡೆದ, ಪಕ್ಕದವನು ದುಡಿಯ ಪೆಟ್ಟನ್ನು ಒಂಚೂರು ಎಳೆದು ಕಾದ, ಸಾಲು ಸಿಕ್ಕಿತು. ಅಂಕಲ್ ಕಡೆ ನೋಡಿದೆ. ಅವರು ಪಂದಿಕರಿ ಸಾಲುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿದ್ದರು. ಆಮೇಲೆ ವಾಲಗ ಶುರುವಾಗಿ ಮಾತಾಡುವ ಹಾಗೆಯೇ ಇರಲಿಲ್ಲ. ನಾನೂ ಎರಡು ಹೆಜ್ಜೆ ಹಾಕಿದೆ.

ಆ ಹಾಡುಗಾರರು ನಮ್ಮಿಂದ ನಾಲ್ಕೇ ಮೈಲಿ ದೂರದವರು. ನಾನು ಅವರನ್ನು ಕೇಳಿದ್ದು ಅದೇ ಮೊದಲು. ನಾಚಿಕೆಯಾಯಿತು.

ಹಾಗಂತ ನಮ್ಮಲ್ಲಿ ರೇಡಿಯೋ ಇಲ್ಲ ಎನ್ನುವಂತಿಲ್ಲ. ಮಡಿಕೇರಿ ಆಕಾಶವಾಣಿ 103.1ರಲ್ಲಿದೆ. ಕನ್ನಡದ ಜೊತೆ ಕೊಡವ ತಕ್ಕ್, ಅರೆಭಾಷೆ ಕೂಡ ಬರುತ್ತದೆ. ನಮ್ಮ ಮನೆ ಹಳ್ಳದಲ್ಲಿದೆ, ಅಷ್ಟೇ. ಹಿತ್ತಲಿನ ಸೌದೆ ರಾಶಿಯ ಮೇಲೆ ಟ್ರಾನ್ಸಿಸ್ಟರ್ ಇಟ್ಟು ಏರಿಯಲ್ ಹಿಡಿದುಕೊಂಡರೆ ಚೆನ್ನಾಗಿ ಕೇಳುತ್ತದೆ. ಎಫ್‌ಎಂ ಅಲೆ ನೆಟ್ಟಗೆ ಹೋಗುವ ಜಾತಿ. ಬೆಟ್ಟ ಕಂಡರೆ ಬಳಸಿಕೊಂಡು ಬರುವ ಸೌಜನ್ಯ ಅದಕ್ಕಿಲ್ಲ.

ಸಮುದಾಯ ರೇಡಿಯೋದ ಕಥೆ ಇನ್ನೂ ಮಜ. ನಮ್ಮ ದೇಶದ ನಿಯಮದ ಪ್ರಕಾರ ಅದು ಸಾಮಾನ್ಯವಾಗಿ 100 ವಾಟ್ ಮೀರುವಂತಿಲ್ಲ, ಅಂದರೆ ಕೊಟ್ಟಿಗೆಯ ಹಳೇ ಬಲ್ಬಿನಷ್ಟು. ಬಯಲುಸೀಮೆಯಲ್ಲಾದರೆ ಹತ್ತು ಹದಿನೈದು ಕಿಲೋಮೀಟರ್ ಕೇಳುತ್ತದೆ. ಇಲ್ಲಿ ಒಂದು ಬೆಟ್ಟ ಅಡ್ಡ ಬಂದರೆ ಮುಗಿಯಿತು, ಆಚೆಯವರು ಆಚೆಗೆ. ಕಾರ್ಯಕ್ರಮದಲ್ಲಿ ಅರ್ಧವಾದರೂ ಊರವರು ಸೇರಿ ಮಾಡಿದ್ದಾಗಿರಬೇಕು. ಸ್ವಂತ ವಾರ್ತೆ ಓದುವಂತಿಲ್ಲ. ಹಬ್ಬ, ಮಳೆ, ಕರೆಂಟು ಬಗ್ಗೆ ಹೇಳಬಹುದು. ನಮಗೆ ಬೇರೆ ವಾರ್ತೆ ಎಲ್ಲಿದೆ?

ನಗು ಬಾರದ ಒಂದು ಮಾತು. 2005ರ ಕತ್ರಿನಾ ಚಂಡಮಾರುತಕ್ಕೆ ನ್ಯೂ ಆರ್ಲಿಯನ್ಸ್ ಮುಳುಗಿದಾಗ ಆ ಸ್ಟೇಷನ್ನೂ ನಿಂತುಹೋಯಿತು. ದೂರದ ನ್ಯೂಜೆರ್ಸಿಯ ಇನ್ನೊಂದು ರೇಡಿಯೋದ ನೆರವಿನಿಂದ ಇಂಟರ್ನೆಟ್ಟಿನಲ್ಲಿ ದನಿ ಎತ್ತಿತು. ಊರು ಬಿಟ್ಟು ಚದುರಿದವರು ಅದನ್ನು ಹಾಕಿಕೊಂಡು ಕೂತರಂತೆ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಜರಿದಾಗ ನಾವು ವಾಟ್ಸಾಪ್ ನೋಡುತ್ತಾ ಕೂತಿದ್ದೆವು. ನನಗೆ ಬಂದದ್ದರಲ್ಲಿ ಅರ್ಧ ಸುಳ್ಳು. ಗುರುತಿನ ಒಂದು ದನಿ, ಕೆಮ್ಮುತ್ತಲೇ ಆದರೂ, "ನಮ್ಮ ಕಡೆ ಮಳೆ ಕಡಿಮೆಯಾಗಿದೆ, ಹೆದರಬೇಡಿ" ಅಂದಿದ್ದರೆ ಎಂದು ಆಗಾಗ ಅನಿಸುತ್ತದೆ.

ಕೊಡಗಿನವರೆಲ್ಲ ಕಾಯುವ ಸುದ್ದಿಯೊಂದಿದೆ: ಸುಗ್ಗಿಹಬ್ಬ ಹುತ್ತರಿಯ ಗಳಿಗೆ. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ಗೊತ್ತು ಮಾಡುತ್ತಾರೆ, ನೆರೆ ಎಂಬ ಎಲೆಗಳ ಕಟ್ಟು ಕಟ್ಟುವುದು ಇಷ್ಟು ಗಂಟೆಗೆ, ಕದಿರು ತೆಗೆಯುವುದು ಇಷ್ಟಕ್ಕೆ, ಊಟ ಇಷ್ಟಕ್ಕೆ ಎಂದು. ನಾವು ಗದ್ದೆ ಇಲ್ಲದವರು, ಆದರೂ ಅಂಕಲ್ ಗದ್ದೆಗೆ ಹೋಗಿ "ಪೊಲಿ ಪೊಲಿ ದೇವಾ" ಎಂದು ಕೂಗಿ ಬರುತ್ತೇವೆ. ಕಳೆದ ಸಲ ಹುತ್ತರಿಯ ಬೆಳಿಗ್ಗೆ ನಾನು ಎಂದಿನ ಹಾಗೆ ಕಿಟಕಿಯಲ್ಲಿದ್ದೆ. ಆರೂವರೆಯ ಪಟ್ಟಿ ಓದುತ್ತಿದ್ದರು. ಬೇಲಿಯಾಚೆಯಿಂದ ಅಂಕಲ್ ಕೂಗಿದರು, "ಕದಿರು ಎಷ್ಟು ಗಂಟೆಗೆ ಅಂತ ಬಂತಾ? ನನ್ನ ಚೀಟಿ ಎಲ್ಲೋ ಹೋಯ್ತು!"

ನನಗೂ ನೆನಪಿರಲಿಲ್ಲ. ಅಮ್ಮ ಒಲೆಯ ಮುಂದಿನಿಂದಲೇ ಫೋನಿನ ಕಡೆ ಕೈ ತೋರಿಸಿದರು.

"ಬೆಳಿಗ್ಗೆಯಿಂದ ಎಲ್ಲರ ಗಂಟೆ ಹೇಳ್ತಾ ಇದ್ದಾನಲ್ಲ. ಇದನ್ನೂ ಅವನನ್ನೇ ಕೇಳು."