ದೊಡ್ಮನೆಯಿಂದ ಬಂದ ಮುಖ್ಯ ಅತಿಥಿ

ಮೊನ್ನೆ ನಮ್ಮ ಕಾಸರಗೋಡಿನ ಕುಂಬಳೆಯ ಜವಳಿ ಅಂಗಡಿಯಲ್ಲಿ ರಿಬ್ಬನ್ ಕತ್ತರಿಸಿದ್ದು ಯಾರೆಂದು ನಾನು ಹೇಳಬೇಕಿಲ್ಲ. ಗಡಿಯ ತಲಪಾಡಿ ದಾಟಿದಲ್ಲಿಂದ ಹೆದ್ದಾರಿಯುದ್ದಕ್ಕೂ ಅವರದ್ದೇ ಫ್ಲೆಕ್ಸ್. ಕಪ್ಪು ಕನ್ನಡಕ, ಎದೆಗೆ ಕಟ್ಟಿದ ಕೈ, ಕೆಳಗೆ ದಪ್ಪಕ್ಷರದಲ್ಲಿ ‘ಬಿಗ್ ಬಾಸ್ ಖ್ಯಾತಿಯ’. ಆ ಮನೆಯಲ್ಲಿ ಅವರು ಇದ್ದದ್ದು ಮೂರೇ ವಾರ, ಅದರಲ್ಲೂ ಒಮ್ಮೆ ವಾರದ ‘ಕಳಪೆ’ ಆಟಗಾರ ಎನಿಸಿಕೊಂಡು ಆ ಮನೆಯೊಳಗಿನ ಜೈಲಿಗೂ ಹೋಗಿ ಬಂದಿದ್ದರು. ಅಷ್ಟು ಖ್ಯಾತಿಯಲ್ಲಿ ಒಂದು ಆಯುಷ್ಯವಿಡೀ ಉಣ್ಣಬಹುದೆಂದರೆ ಭೇಷ್ ಎನ್ನಲೇಬೇಕು. ನಮ್ಮ ಕಡೆ ಯಕ್ಷಗಾನದ ವೇಷಧಾರಿ ನಲವತ್ತು ವರ್ಷ ಗೆಜ್ಜೆ ಕಟ್ಟಿದರೆ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ. ಬುಟ್ಟಿಯ ಮೇಲಿನ ಬಣ್ಣದ ಕಾಗದ ಬಿಚ್ಚಿದರೆ ಅಡಿಯ ಎರಡು ಮೂಸಂಬಿ ಕೊಳೆತಿರುತ್ತವೆ.

ಇವರ ವೃತ್ತಿಜೀವನವನ್ನೇ ನೋಡಿ. ಹೊರಬಿದ್ದ ವಾರ ಯೂಟ್ಯೂಬಿನವರಿಗೆ ಸಂದರ್ಶನ: ಒಳಗೆ ಯಾರು ಮುಖವಾಡ ಹಾಕಿದ್ದಾರೆ, ಯಾರು ನಿಜವಾಗಿ ಅತ್ತರು. ಆಮೇಲೆ ಒಂದು ಆಲ್ಬಮ್ ಹಾಡು. ಆಮೇಲೆ ‘ನಾಯಕನಾಗಿ ಎಂಟ್ರಿ’. ಮುಹೂರ್ತದಲ್ಲಿ ಕ್ಲ್ಯಾಪ್ ಮಾಡಿದ ಶಾಸಕರ ಫೋಟೋ ಉಂಟು, ಸಿನಿಮಾ ಮಾತ್ರ ಪತ್ತೆ ಇಲ್ಲ. ಮುಂದಿನ ಸೀಸನ್ ಶುರುವಾಗುವಾಗ ಅವರು ವಿಶ್ಲೇಷಕರು! ಅಡುಗೆಮನೆಯಲ್ಲಿ ಮೊಟ್ಟೆ ಕದ್ದವರು ಯಾರೆಂಬುದರ ಬಗ್ಗೆ ಅಷ್ಟು ಗಾಂಭೀರ್ಯದಲ್ಲಿ ಅರ್ಧ ಗಂಟೆ ಮಾತಾಡಿದ್ದನ್ನು ನಾನು ಪೂರ್ತಿ ನೋಡಿದೆ ಮಾರಾಯ್ರೇ. 1999ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಈ ಆಟದ ಮೂಲ ರೂಪಕ್ಕೆಂದು ಒಂದಷ್ಟು ಜನರನ್ನು ಮನೆಯೊಳಗೆ ಕೂಡಿಹಾಕಿ ಕ್ಯಾಮೆರಾ ಇಟ್ಟವರಿಗೆ, ಮುಂದೊಂದು ದಿನ ಇದರಿಂದ ಕುಂಬಳೆಯ ಸೀರೆ ವ್ಯಾಪಾರ ಊರ್ಜಿತವಾದೀತು ಅಂತ ಹೊಳೆದಿರಲಿಕ್ಕಿಲ್ಲ.

ಹಾಗಂತ ಎಲ್ಲರೂ ಹೀಗೆ ಅಲ್ಲ. 2022ರಲ್ಲಿ ಒಂಬತ್ತನೇ ಸೀಸನ್ ಗೆದ್ದ ರೂಪೇಶ್ ಶೆಟ್ಟಿ ನಮ್ಮ ಕಾಸರಗೋಡು ಕಡೆಯವರೇ. ಆದರೆ ಅವರು ತುಳು ಸಿನಿಮಾದಲ್ಲಿ ಹೆಸರು ಮಾಡಿಕೊಂಡೇ ಒಳಗೆ ಹೋದವರು. ನಾನು ಹೇಳುತ್ತಿರುವುದು ಒಳಗೆ ಹೋದದ್ದೇ ಹೆಸರಾದವರ ವಿಷಯ.

ಅಂಗಡಿ ಮುಗಿಸಿ ನಮ್ಮ ಮುಖ್ಯ ಅತಿಥಿಗಳು ನೇರ ನಮ್ಮ ಗಡಿನಾಡ ಕನ್ನಡ ಸಮಾರಂಭಕ್ಕೆ ಬಂದರು. ಎರಡು ಗಂಟೆ ತಡ. ನಾಡಗೀತೆ ಹಾಡಲು ನಿಲ್ಲಿಸಿದ್ದ ಮಕ್ಕಳನ್ನು ಮೂರು ಸಲ ಕೂರಿಸಿ ಎಬ್ಬಿಸಿಯಾಗಿತ್ತು. ಮೈಕ್ ಹಿಡಿದವರೇ, “ಹಾಯ್ ಕಾಸರಗೋಡು! ಕೇರಳದಲ್ಲಿದ್ದೂ ಎಷ್ಟ್ ಚೆನ್ನಾಗಿ ಕನ್ನಡ ಮಾತಾಡ್ತೀರ ನೀವೆಲ್ಲ, ಸೂಪರ್!” ಎಂದರು. ಮಂಜೇಶ್ವರದ ಗೋವಿಂದ ಪೈಗಳಿಗೆ ರಾಷ್ಟ್ರಕವಿ ಬಿರುದು ಬಂದದ್ದು 1949ರಲ್ಲಿ, ನಮ್ಮನ್ನು ಕೇರಳಕ್ಕೆ ಸೇರಿಸಿದ್ದು 1956ರಲ್ಲಿ. ಇರಲಿ, ಸರ್ಟಿಫಿಕೇಟ್ ಸಿಕ್ಕಿತಲ್ಲ. ನಾವೂ ಚಪ್ಪಾಳೆ ಹೊಡೆದೆವು. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಎಂದು ಗಡಿ ತಕರಾರಿಗೆಂದೇ ನೇಮಿಸಿದ್ದ ಮಹಾಜನ ಆಯೋಗ ವರದಿ ಕೊಟ್ಟದ್ದು 1967ರಲ್ಲಿ. ಪಾಪ, ಅದಕ್ಕೆ ಯಾರೂ ವೋಟಿಂಗ್ ಲೈನ್ ತೆರೆಯಲಿಲ್ಲ.

ಒಂದು ವಿಷಯಕ್ಕೆ ಮಾತ್ರ ನನಗೆ ಬಿಗ್ ಬಾಸ್ ಮೇಲೆ ನಿಜವಾದ ಗೌರವ. ಆ ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಭಾಷೆಯಲ್ಲಿ ಮಾತು ಉದ್ದವಾದರೆ ಎಚ್ಚರಿಕೆ ಬರುತ್ತದೆ, ವಾರದ ಕೊನೆಗೆ ಸುದೀಪ್ ಕೂಡ ಬಿಡುವುದಿಲ್ಲ. ಇಲ್ಲಿ ನಮ್ಮ ಕನ್ನಡ ಮಾಧ್ಯಮ ಶಾಲೆಗಳಿಗೆ ಕನ್ನಡವೇ ಬಾರದ ಅಧ್ಯಾಪಕರು ನೇಮಕವಾಗಿ ಬರುತ್ತಾರೆ. ಎಂಟನೇ ಕ್ಲಾಸಿನ ಮಕ್ಕಳು ಸಮಾಜ ವಿಜ್ಞಾನದ ಪುಸ್ತಕ ಬಿಡಿಸಿಕೊಂಡು ಮಾಷ್ಟ್ರ ಬಾಯಿ ನೋಡುತ್ತಾ ಕೂರುತ್ತಾರೆ. ಹೆತ್ತವರು ಧರಣಿ ಕೂತರು, ಕೋರ್ಟಿಗೂ ಹೋದರು, ಮಂತ್ರಿಗಳಿಗೆ ಮನವಿ ಕೊಟ್ಟರು. ಎಷ್ಟು ಸಲ ಅದನ್ನೇ ಬರೆಯುವುದು? ಬರೆದು ಸಾಕಾಗಿ ಹೋಗಿದೆ. ಧರಣಿಯ ದಿನ ಇದ್ದದ್ದು ಬೆರಳೆಣಿಕೆಯ ಜನ. ಸೆಲ್ಫಿಯ ದಿನ ಟ್ರಾಫಿಕ್ ಬ್ಲಾಕ್.

ಈಗ ನಮ್ಮ ಶಾಲೆಯ ಪಿಟಿಎ (ಅಧ್ಯಾಪಕ-ಹೆತ್ತವರ ಸಂಘ) ಅಧ್ಯಕ್ಷರು ಹೊಸ ದಾರಿ ಕಂಡುಹಿಡಿದಿದ್ದಾರೆ. ಅಧ್ಯಾಪಕರ ವಿಷಯದಲ್ಲಿ ಈ ಮುಖ್ಯ ಅತಿಥಿಗಳಿಂದಲೇ ಒಂದು ರೀಲ್ ಮಾಡಿಸುವುದಂತೆ. ಮ್ಯಾನೇಜರಿಗೆ ಫೋನ್ ಮಾಡಿ ರೇಟು ಕೇಳಿಯೂ ಆಯಿತು. ಸರ್ಕಾರಿ ಶಾಲೆಯೆಂದು ಸ್ವಲ್ಪ ರಿಯಾಯಿತಿ ಕೊಡುತ್ತಾರಂತೆ, ಆದರೆ ಹಿಂದೆ ಮಕ್ಕಳು ಕುಣಿಯಬೇಕಂತೆ.